ಯಶಸ್ಸಿನ ಸೂತ್ರಗಳು ಮತ್ತು ಬಾಕ್ಸಿಂಗ್ ರಿಂಗಿನ ಲೆಕ್ಕ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯು ಫಲಿತಾಂಶ ಬಂದು ಕಾಲೇಜುಗಳಲ್ಲಿ ದಾಖಲಾತಿಯ ಗಡಿಬಿಡಿ ಶುರುವಾಗುವ ಹೊತ್ತಿಗೆ ಸರಿಯಾಗಿ ನಮ್ಮ ದಾವಣಗೆರೆಯಲ್ಲಿ ವ್ಯಕ್ತಿತ್ವ ವಿಕಸನ ಶಿಬಿರಗಳ ಸುಗ್ಗಿಯೂ ಶುರುವಾಗುತ್ತದೆ. ಹದಡಿ ರಸ್ತೆ, ಪಿ.ಬಿ. ರಸ್ತೆ, ವಿದ್ಯಾನಗರ ಎಲ್ಲಿ ನೋಡಿದರೂ ಯಶಸ್ಸಿನ ಐದು ಸೂತ್ರ, ಏಳು ಸೂತ್ರ, ಇಪ್ಪತ್ತೊಂದು ಸೂತ್ರಗಳ ಫ್ಲೆಕ್ಸುಗಳು. ಈಚೆಗೆ ಅವುಗಳಲ್ಲಿ ಕೋಟು ತೊಟ್ಟ ಭಾಷಣಕಾರರ ಪಕ್ಕದಲ್ಲಿ ಕೆಂಪು ಬಾಕ್ಸಿಂಗ್ ಗ್ಲೌಸಿನ ಚಿತ್ರವೂ ಕಾಣಿಸಿಕೊಳ್ಳುತ್ತಿದೆ. ಅಂಥದ್ದೊಂದು ಶಿಬಿರಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಭಾಷಣಕಾರರು ಮಾತಿನಲ್ಲಿ ಪಳಗಿದವರು. ಗುರಿ ಇಟ್ಟುಕೊಳ್ಳಿ, ನಿಮ್ಮ ಬದುಕಿನ ಹೊಣೆ ನೀವೇ ಹೊರಿ, ಗೆಲುವನ್ನು ಕಣ್ಣಮುಂದೆ ತಂದುಕೊಳ್ಳಿ, ಎಂದೆಂದಿಗೂ ಕೈಬಿಡಬೇಡಿ ಎಂಬ ನಾಲ್ಕು ಮಾತುಗಳನ್ನು ಬಾಕ್ಸಿಂಗ್ ಕಥೆಗಳೊಂದಿಗೆ ಪೋಣಿಸಿ, ಕೊನೆಗೆ ಸಭೆಯನ್ನೆಲ್ಲ ಎಬ್ಬಿಸಿ ನಿಲ್ಲಿಸಿ ಗಾಳಿಗೆ ಗುದ್ದಿಸಿ ಕಳಿಸಿದರು.

ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದ ನಾನು ಈಗ ಸಂಜೆ ಹೊತ್ತು ನಮ್ಮ ಬಡಾವಣೆಯ ಹುಡುಗ ಹುಡುಗಿಯರಿಗೆ ಬಾಕ್ಸಿಂಗ್‌ನ ಆರಂಭದ ಪಾಠಗಳನ್ನು ಹೇಳಿಕೊಡುತ್ತೇನೆ. ಆ ನಾಲ್ಕು ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ವೇದಿಕೆಯ ಮೇಲೆ ಅವು ಬರೀ ಮನಸ್ಸಿನ ಬಲದ ಮಾತುಗಳಾಗಿ ಮೊಳಗುತ್ತವೆ; ರಿಂಗಿಗೆ ಇಳಿದರೆ ಅವೇ ಮಾತುಗಳು ಕೈ ಎಲ್ಲಿರಬೇಕು, ಕಾಲು ಎಷ್ಟು ಅಂತರದಲ್ಲಿರಬೇಕು, ಯಾರ ಮಾತಿಗೆ ಕಿವಿಗೊಡಬೇಕು, ಯಾವಾಗ ಆಟ ನಿಲ್ಲಿಸಬೇಕು ಎಂಬ ಸಣ್ಣ ಸಣ್ಣ ಕೆಲಸಗಳಾಗಿ ಒಡೆದುಕೊಳ್ಳುತ್ತವೆ. ಹಾಗೆ ಒಡೆದು ಕೊಡದೆ ಇಡಿಯಾಗಿ ಕೊಟ್ಟ ಸೂತ್ರವನ್ನು ಹೊತ್ತು ಮನೆಗೆ ಹೋದ ಮಕ್ಕಳು, ವಾರ ಕಳೆಯುವುದರೊಳಗೆ ಉತ್ಸಾಹ ಇಳಿದಾಗ, ತಪ್ಪು ತಮ್ಮದೇ ಎಂದು ತಮ್ಮನ್ನೇ ಹಳಿದುಕೊಳ್ಳುವುದನ್ನು ಕಾಣುತ್ತಿದ್ದೇನೆ. ಈ ಪತ್ರ ಬರೆಯುವುದಕ್ಕೆ ಅದೇ ಕಾರಣ.

ಹೊಣೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಬಲಗೈ ಬಳಸುವ ಹುಡುಗ ಎಡಗಾಲು ಮುಂದಿಟ್ಟು, ಬಲ ಹಿಮ್ಮಡಿಯನ್ನು ತುಸು ಎತ್ತಿ, ಎರಡೂ ಮುಷ್ಟಿಗಳನ್ನು ಕೆನ್ನೆಯ ಮಟ್ಟಕ್ಕೆ ತಂದು, ಗದ್ದವನ್ನು ಎದೆಯ ಕಡೆ ಇಳಿಸಿ ನಿಲ್ಲುವುದು ಬಾಕ್ಸಿಂಗ್‌ನ ಮೊದಲ ಪಾಠ. ಗದ್ದ ಮೇಲೇಳದಿರಲೆಂದು ಅದರ ಕೆಳಗೆ ಟೆನಿಸ್ ಚೆಂಡೊಂದನ್ನು ಸಿಕ್ಕಿಸಿ ಸುತ್ತು ಹೊಡೆಸುವುದುಂಟು. ಮಾತಾಡಲು ಬಾಯಿ ತೆರೆದರೆ ಚೆಂಡು ಬೀಳುತ್ತದೆ, ಹಾಗಾಗಿ ಅಷ್ಟು ಹೊತ್ತು ಮೈದಾನದಲ್ಲಿ ಗಲಾಟೆಯೂ ಇರುವುದಿಲ್ಲ. ಎಡಗೈಯ ಜ್ಯಾಬ್, ಅಂದರೆ ಮುಂಗೈಯ ನೇರ ಚುರುಕು ಗುದ್ದು, ಹೊಡೆದ ಮೇಲೆ ಆ ಕೈ ಹೋದ ದಾರಿಯಲ್ಲೇ ಹಿಂದಿರುಗಿ ಕೆನ್ನೆ ಮುಟ್ಟಬೇಕು. ಹೊಸಬರೆಲ್ಲರ ಕೈಯೂ ಹಿಂದಿರುಗುವಾಗ ಸೊಂಟದ ಕಡೆಗೆ ಜಾರುತ್ತದೆ, ಆ ಸಂದಿಯಲ್ಲೇ ಎದುರಾಳಿಯ ಬಲಗೈ ಬಂದು ಮುಖಕ್ಕೆ ಕೂರುತ್ತದೆ. ಏಟು ತಿಂದವರು ಮೊದಮೊದಲು ಎದುರಿಗಿರುವವನು ಜೋರಾಗಿ ಹೊಡೆದ ಎಂದು ದೂರುತ್ತಾರೆ. ತಿಂಗಳೊಪ್ಪತ್ತು ಕಳೆಯುವ ಹೊತ್ತಿಗೆ ಅದೇ ಹುಡುಗ ಮೂಗು ಒರೆಸಿಕೊಳ್ಳುತ್ತಾ 'ಕೈ ಇಳಿದಿತ್ತು ಸಾರ್' ಎನ್ನುತ್ತಾನೆ. ಹೊಣೆ ಹೊರುವುದು ಎಂದರೆ ನನ್ನ ದೃಷ್ಟಿಯಲ್ಲಿ ಇಷ್ಟೇ. 'ನಾನು ನಾಲಾಯಕ್ಕು' ಎನ್ನುವುದಕ್ಕೂ 'ನನ್ನ ಎಡಗೈ ಇಳಿದಿತ್ತು' ಎನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದನ್ನು ನಾಳೆ ಸಂಜೆಯೇ ಕನ್ನಡಿಯ ಮುಂದೆ ನಿಂತು ತಿದ್ದಬಹುದು. ಭೌತಶಾಸ್ತ್ರದಲ್ಲಿ ಅಂಕ ಕಡಿಮೆಯಾದ ಮಗಳಿಗೆ ಅಪ್ಪ ಅಮ್ಮ ಯಾವ ಪಾಠದ ಯಾವ ಬಗೆಯ ಲೆಕ್ಕ ತಪ್ಪಿತು ಎಂದು ಕೇಳುವ ಬದಲು 'ನಿನಗೆ ಸೀರಿಯಸ್‌ನೆಸ್ಸೇ ಇಲ್ಲ' ಎಂದು ಬೈದರೆ, ಆ ಮಗು ತಿದ್ದುವುದಾದರೂ ಏನನ್ನು?

ಇದೇ ಹೊಣೆಯ ಸೂತ್ರವನ್ನು 'ನಿಮ್ಮ ಬದುಕಿನಲ್ಲಿ ಆಗುವುದಕ್ಕೆಲ್ಲ ನೂರಕ್ಕೆ ನೂರು ನೀವೇ ಕಾರಣ' ಎಂಬಲ್ಲಿಯವರೆಗೆ ಎಳೆದಾಗ ನನಗೆ ತಕರಾರಿದೆ. ಬಾಕ್ಸಿಂಗ್‌ನಲ್ಲಿ ತೂಕದ ವಿಭಾಗಗಳು ಇರುವುದೇಕೆ? ಐವತ್ತು ಕಿಲೋದವಳನ್ನು ಎಪ್ಪತ್ತೈದು ಕಿಲೋದವಳ ಎದುರು ನಿಲ್ಲಿಸಿ 'ಛಲ ಇದ್ದರೆ ಗೆಲ್ಲು' ಎನ್ನುವುದು ಅನ್ಯಾಯ ಎಂದು ಆಟ ಮೊದಲೇ ಒಪ್ಪಿಕೊಂಡಿದೆ. ಬದುಕಿನಲ್ಲಿ ಅಂಥ ವಿಭಾಗಗಳಿಲ್ಲ. ನಸುಕಿನಲ್ಲೆದ್ದು ಎಪಿಎಂಸಿಯಲ್ಲಿ ಮೂಟೆ ಇಳಿಸಲು ಅಪ್ಪನಿಗೆ ನೆರವಾಗಿ ಕಾಲೇಜಿಗೆ ಬರುವ ಹುಡುಗ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವ ತಾಯಿಯ ಮಗಳು, ಎಸಿ ಕೊಠಡಿಯಲ್ಲಿ ಟ್ಯೂಷನ್ ಓದಿದವರು, ಎಲ್ಲರೂ ಒಂದೇ ಪರೀಕ್ಷೆಯ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ತನ್ನ ಕೈಯಲ್ಲಿ ಇರುವುದರ ಹೊಣೆ ಹೊರಲು ಕಲಿಸುವಷ್ಟೇ ಮುಖ್ಯವಾಗಿ, ಕೈಯಲ್ಲಿ ಇಲ್ಲದ್ದರ ಹೊರೆಯನ್ನು ಹೆಗಲಿನಿಂದ ಇಳಿಸಲೂ ಕಲಿಸಬೇಕು. ಶಿಬಿರದ ಭಾಷಣದಲ್ಲಿ ಈ ಎರಡನೆಯ ಅರ್ಧ ಕೇಳಿಬರಲಿಲ್ಲ.

ಗುರಿಯ ವಿಷಯದಲ್ಲಿ ಬಾಕ್ಸಿಂಗ್ ತಕ್ಕಡಿಯನ್ನೇ ಮುಂದಿಡುತ್ತದೆ. ಸ್ಪರ್ಧೆಯ ದಿನ ಬೆಳಿಗ್ಗೆ ತೂಕ ನೋಡುವಾಗ ನಿಮ್ಮ ಆಸೆ ಆಕಾಂಕ್ಷೆಗಳನ್ನು ಯಾರೂ ಕೇಳುವುದಿಲ್ಲ, ಮುಳ್ಳು ಎಲ್ಲಿ ನಿಂತಿತು ಎಂದಷ್ಟೇ ನೋಡುತ್ತಾರೆ. (ಬೆಣ್ಣೆದೋಸೆಯ ಊರಿನಲ್ಲಿ ಮಕ್ಕಳಿಗೆ ತೂಕದ ಶಿಸ್ತು ಹೇಳುವ ಶಿಕ್ಷಕನ ಪಾಡು ಯಾರಿಗೂ ಬೇಡ.) ಅಳೆಯಲು ಬರುವ ಗುರಿ, ಅದಕ್ಕೊಂದು ಗಡುವು ಎಂಬ ಭಾಷಣಕಾರರ ಮಾತು ಇಲ್ಲಿ ಅಕ್ಷರಶಃ ನಿಜ. ಆದರೆ ಗುರಿಯನ್ನು ಕಲ್ಲಿನಲ್ಲಿ ಕೆತ್ತಿದಂತೆ ಹಿಡಿದು ಕೂರುವವರಿಗೆ ಮೇರಿ ಕೋಮ್ ಅವರ ಉದಾಹರಣೆ ಹೇಳಬೇಕು. ಅವರು ವಿಶ್ವ ಚಾಂಪಿಯನ್ ಆಗಿ ಹೆಸರು ಮಾಡಿದ್ದು 48 ಕೆ.ಜಿ. ಮತ್ತು ಅದಕ್ಕಿಂತ ಕಡಿಮೆ ತೂಕದ ವಿಭಾಗಗಳಲ್ಲಿ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಮೊಟ್ಟಮೊದಲ ಬಾರಿಗೆ ಸೇರಿದಾಗ ಇದ್ದದ್ದು 51, 60 ಮತ್ತು 75 ಕೆ.ಜಿ.ಯ ಮೂರೇ ವಿಭಾಗಗಳು. ತನ್ನ ತೂಕಕ್ಕೆ ಅಲ್ಲಿ ಜಾಗವೇ ಇಲ್ಲವೆಂದು ಕೂರದೆ ಅವರು 51 ಕೆ.ಜಿ.ಗೆ ಏರಿ, ತಮಗಿಂತ ಎತ್ತರದ, ಬಲವಾದ ಎದುರಾಳಿಗಳನ್ನು ಎದುರಿಸುವ ಹೊಸ ವರಸೆ ರೂಢಿಸಿಕೊಂಡು ಕಂಚಿನ ಪದಕ ತಂದರು. ಆಗ ಅವರು ಅವಳಿ ಮಕ್ಕಳ ತಾಯಿ. ಎಂಬಿಬಿಎಸ್ ಸೀಟು ತಪ್ಪಿದೊಡನೆ ಬದುಕೇ ಮುಗಿಯಿತು ಎಂದುಕೊಳ್ಳುವ ನಮ್ಮೂರಿನ ಮನೆಗಳಲ್ಲಿ, ವಿಭಾಗ ಬದಲಿಸುವುದು ಸೋಲಲ್ಲ ಎಂಬುದನ್ನು ಈ ಒಂದು ಉದಾಹರಣೆಯಿಂದ ಹೇಳಲು ಬರುತ್ತದೆ.

ತಕ್ಕಡಿಯ ಗುರಿಗೆ ಇನ್ನೊಂದು ಮುಖವೂ ಇದೆ. ಗಡುವಿಗೆ ತೂಕ ಇಳಿಸಲೆಂದು ಎರಡು ದಿನ ನೀರು ಬಿಟ್ಟು, ಬಿಸಿಲಿನಲ್ಲಿ ರೇನ್‌ಕೋಟ್ ತೊಟ್ಟು ಓಡುವ ಹುಡುಗರನ್ನು ಬಲ್ಲೆ. ತಕ್ಕಡಿ ಮೆಚ್ಚುತ್ತದೆ, ಆದರೆ ಬತ್ತಿದ ಮೈ ರಿಂಗಿನಲ್ಲಿ ಎರಡನೇ ಸುತ್ತಿಗೇ ಸೋಲುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ತಲೆಗೆ ಏಟು ಬಿದ್ದರಂತೂ ಅಪಾಯ ಇನ್ನೂ ಹೆಚ್ಚು. ಪರೀಕ್ಷೆಯ ಹಿಂದಿನ ವಾರ ನಿದ್ದೆಯನ್ನು ಮೂರು ತಾಸಿಗೆ ಇಳಿಸಿ ಅದನ್ನೇ ಸಾಧನೆ ಎಂದು ಹೇಳಿಕೊಳ್ಳುವ ವಿದ್ಯಾರ್ಥಿಯೂ ಮಾಡುವುದು ಇದೇ ಕೆಲಸ. ಬೆಳೆಯುವ ವಯಸ್ಸಿನ ಮಕ್ಕಳಿಗೆ ತೂಕ ಇಳಿಸಿ ಆಡುವುದು ಬೇಡವೇ ಬೇಡ, ಇರುವ ತೂಕದಲ್ಲೇ ಆಡಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಗೆಲುವನ್ನು ಕಣ್ಣಮುಂದೆ ತಂದುಕೊಳ್ಳುವ ಸೂತ್ರದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಬಾಕ್ಸಿಂಗ್‌ನಲ್ಲಿ ಅದಕ್ಕೆ ಶ್ಯಾಡೋ ಬಾಕ್ಸಿಂಗ್ ಎಂಬ ಹೆಸರಿದೆ: ಎದುರಾಳಿ ಇದ್ದಾನೆಂದು ಭಾವಿಸಿಕೊಂಡು ಒಬ್ಬನೇ ಆಡುವುದು. ಅಲ್ಲಿ ಯಾರೂ ಪದಕವನ್ನು ಕಲ್ಪಿಸಿಕೊಳ್ಳುವುದಿಲ್ಲ. ಎದುರಿನಿಂದ ಹುಕ್ (ಪಕ್ಕದಿಂದ ಬಳಸಿ ಬರುವ ಗುದ್ದು) ಬಂತು, ತಲೆ ತಗ್ಗಿಸಿದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ, ತಿರುಗಿ ಹೊಡೆದೆ ಎಂದು ಕಷ್ಟದ ಗಳಿಗೆಯನ್ನೇ ಕಲ್ಪಿಸಿಕೊಂಡು ಮೈಯಿಂದ ಉತ್ತರ ಹೇಳಿಸುತ್ತಾರೆ, ಬೆವರು ಹರಿಯುವವರೆಗೆ. ರ‍್ಯಾಂಕ್ ಬಂದು ಪತ್ರಿಕೆಯಲ್ಲಿ ಫೋಟೊ ಅಚ್ಚಾದಂತೆ ಕಣ್ಣು ಮುಚ್ಚಿ ಕನಸು ಕಾಣಿಸುವುದಕ್ಕಿಂತ, ಮೊದಲ ಹತ್ತು ಪ್ರಶ್ನೆ ಕಠಿಣವಾಗಿ ಬಂದರೆ ಏನು ಮಾಡುತ್ತೀ ಎಂದು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿಸುವುದು ಮೇಲು.

ಈಗ 'ನಾಕೌಟ್', ಅಂದರೆ ಎದುರಾಳಿ ಏಳಲಾಗದಂತೆ ಕೆಡವಿ ಗೆಲ್ಲುವ ಮೋಹದ ವಿಷಯ. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಮೂರು ನಿಮಿಷಗಳ ಮೂರು ಸುತ್ತುಗಳು, ನಡುವೆ ಒಂದೊಂದು ನಿಮಿಷದ ಬಿಡುವು. ಐವರು ತೀರ್ಪುಗಾರರು ಪ್ರತಿ ಸುತ್ತಿಗೂ ಮೇಲುಗೈ ಸಾಧಿಸಿದವರಿಗೆ 10 ಅಂಕ, ಇನ್ನೊಬ್ಬರಿಗೆ ಅದಕ್ಕಿಂತ ಕಡಿಮೆ ಅಂಕ ಕೊಡುತ್ತಾರೆ. ಬಿಗಿಮುಷ್ಟಿಯ ಗೆಣ್ಣಿನ ಭಾಗವು ಎದುರಾಳಿಯ ತಲೆಯ ಅಥವಾ ಸೊಂಟಪಟ್ಟಿಯ ಮೇಲಿನ ಮೈಯ ಮುಂಭಾಗಕ್ಕೋ ಪಕ್ಕಕ್ಕೋ ಸ್ವಚ್ಛವಾಗಿ ತಗುಲಿದರೆ ಮಾತ್ರ ಅದು ಲೆಕ್ಕಕ್ಕೆ ಬರುವ ಪಂಚ್. ಕೈಬೀಸಿ ಹೊಡೆದು ಗುರಿ ತಪ್ಪಿದ ಪಂಚಿಗೆ ಅಂಕವಿಲ್ಲ, ಮೇಲಾಗಿ ಹೊಡೆದವನ ತೋಳು ಸೋಲುತ್ತದೆ, ಮುಖವೂ ಬಯಲಾಗುತ್ತದೆ. ನೀಟ್ ಬರೆಯುವ ಮಕ್ಕಳಿಗೆ ಈ ಲೆಕ್ಕ ತಕ್ಷಣ ಹೊಳೆಯುತ್ತದೆ. 180 ಪ್ರಶ್ನೆ, 720 ಅಂಕ, ಸರಿ ಉತ್ತರಕ್ಕೆ 4, ತಪ್ಪಿದರೆ ಒಂದು ಕಡಿತ. ಗೊತ್ತಿಲ್ಲದ ಪ್ರಶ್ನೆಗೆ ಧೈರ್ಯ ಮಾಡಿ ಗುದ್ದುವುದು ಅಲ್ಲಿಯೂ ದುಬಾರಿಯೇ. ಗೆಲ್ಲುವವರಲ್ಲಿ ಹೆಚ್ಚಿನವರು ಒಂದೇ ಏಟಿಗೆ ಎದುರಾಳಿಯನ್ನು ಕೆಡವಿ ಗೆದ್ದವರಲ್ಲ, ಒಂದು ಜ್ಯಾಬ್, ಇನ್ನೊಂದು ಜ್ಯಾಬ್ ಎಂದು ಕೂಡಿಸುತ್ತಾ ಹೋದವರು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಸುತ್ತುಗಳ ನಡುವಿನ ಆ ಒಂದು ನಿಮಿಷ. ಶಿಬಿರದಲ್ಲಿ ಅದರ ಸುದ್ದಿಯೇ ಬರಲಿಲ್ಲ. ಗಂಟೆ ಬಾರಿಸಿದೊಡನೆ ಆಟಗಾರ ತನ್ನ ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾನೆ. ಬಾಯಿಯಿಂದ ಮೌತ್‌ಗಾರ್ಡ್ ತೆಗೆಯಬೇಕು, ಮುಖ ಒರೆಸಬೇಕು, ಗುಟುಕು ನೀರು ಕುಡಿಸಬೇಕು, ಉಸಿರು ಹತೋಟಿಗೆ ಬರಲು ಬಿಡಬೇಕು. ಇದೆಲ್ಲ ಕಳೆದು ಕೋಚ್‌ಗೆ ಮಾತಾಡಲು ಉಳಿಯುವುದು ಕೆಲವೇ ಸೆಕೆಂಡು. ಅನುಭವಿ ಕೋಚ್ ಆ ಹೊತ್ತಿನಲ್ಲಿ ಒಂದೇ ಮಾತು ಹೇಳುತ್ತಾನೆ, ಹೆಚ್ಚೆಂದರೆ ಎರಡು: 'ಅವನು ಬಲಗೈ ಹೊಡೆಯುವ ಮುಂಚೆ ಭುಜ ಎತ್ತುತ್ತಾನೆ, ಆಗ ಎಡಕ್ಕೆ ಸರಿ.' ಕಳೆದ ಸುತ್ತಿನಲ್ಲಿ ಆದ ತಪ್ಪುಗಳ ಪಟ್ಟಿ ಓದುವುದಿಲ್ಲ. ಪಕ್ಕದ ಬೀದಿಯ ಹುಡುಗ ಹೇಗೆ ಆಡುತ್ತಾನೆ ಎಂದೂ ಹೇಳುವುದಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವಾಗ, ಎದೆ ಹೊಡೆದುಕೊಳ್ಳುವಾಗ ಮನುಷ್ಯನ ತಲೆಗೆ ಒಂದಕ್ಕಿಂತ ಹೆಚ್ಚು ಮಾತು ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತು.

ನಮ್ಮ ಮನೆಗಳಲ್ಲಿ ಆಗುವುದೇನು? ಟೆಸ್ಟ್ ಮುಗಿಸಿ ಬಂದ ಮಗ ಬ್ಯಾಗ್ ಇಳಿಸುವುದರೊಳಗೆ ಅಪ್ಪನ ಹತ್ತು ಸಲಹೆ, ಅಮ್ಮನ ಆತಂಕ, ಚಿಕ್ಕಪ್ಪನ ಮಗಳ ಅಂಕದ ಹೋಲಿಕೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾಲೇಜಿನವರು ಹಾಕಿದ ರ‍್ಯಾಂಕ್ ಪಟ್ಟಿ. ಟೀಕೆ ಟಿಪ್ಪಣಿಗಳನ್ನು ಮುಕ್ತ ಮನಸ್ಸಿನಿಂದ ಸ್ವೀಕರಿಸಿ ಎಂದು ಭಾಷಣಕಾರರು ಮಕ್ಕಳಿಗೆ ಹೇಳುತ್ತಾರೆ. ಕೊಡುವವರಿಗೆ ಕೊಡುವ ರೀತಿ ಯಾರು ಹೇಳಬೇಕು? ಮೊದಲು ನೀರು, ಆಮೇಲೆ ಉಸಿರು, ಕೊನೆಗೆ ಒಂದು ಮಾತು ಎಂಬ ಮೂಲೆಯ ಕ್ರಮವನ್ನು ತಂದೆತಾಯಿಗಳೂ ಪಾಲಿಸಿದರೆ ಅರ್ಧ ಜಗಳ ತಪ್ಪುತ್ತದೆ. ಇದು ಅಂಗಡಿ, ಕಚೇರಿಗಳಿಗೂ ಸಲ್ಲುವ ಮಾತು. ಗಿರಾಕಿಗಳ ಮುಂದೆಯೇ ಕೆಲಸದ ಹುಡುಗನಿಗೆ ಹಳೆಯದೆಲ್ಲ ಎತ್ತಾಡಿ ಬೈಯುವ ಮಾಲೀಕರನ್ನು ಮಂಡಿಪೇಟೆಯಲ್ಲಿ ಒಂದು ಸುತ್ತು ಬಂದರೆ ನೋಡಬಹುದು.

ಭಾಷಣಕಾರರು ತುಂಬ ಹೊತ್ತು ಮೀಸಲಿಟ್ಟದ್ದು ಅಮೆರಿಕದ ವೃತ್ತಿಪರ ಬಾಕ್ಸರ್ ಮೊಹಮ್ಮದ್ ಅಲಿಗೆ. (ವೃತ್ತಿಪರ ಪಂದ್ಯಗಳಲ್ಲಿ ಸುತ್ತುಗಳು ಮೂರಕ್ಕಿಂತ ಬಹಳ ಹೆಚ್ಚು.) 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ 32 ವರ್ಷದ ಅಲಿ 25 ವರ್ಷದ ಜಾರ್ಜ್ ಫೋರ್‌ಮನ್‌ನನ್ನು ಎಂಟನೇ ಸುತ್ತಿನಲ್ಲಿ ಕೆಡವಿದ್ದು ಆತ್ಮವಿಶ್ವಾಸದ ಬಲದಿಂದ ಎಂದು ಅವರ ವಾದ. ಆತ್ಮವಿಶ್ವಾಸ ಫೋರ್‌ಮನ್‌ಗೇನೂ ಕಡಿಮೆ ಇರಲಿಲ್ಲ. ಜೋ ಫ್ರೇಜಿಯರ್ ಮತ್ತು ಕೆನ್ ನಾರ್ಟನ್ ಇಬ್ಬರನ್ನೂ ಎರಡೆರಡು ಸುತ್ತುಗಳಲ್ಲೇ ಮುಗಿಸಿ ಬಂದವನಾತ. ಅಲಿಯ ಹೆಚ್ಚುಗಾರಿಕೆ ಇದ್ದದ್ದು ಬೇರೆ ಕಡೆ. ಮೊದಲ ಸುತ್ತಿನಲ್ಲಿ ಹಾಕಿಕೊಂಡ ಯೋಜನೆ ಕೊನೆಯವರೆಗೆ ನಡೆಯುವಂಥದ್ದಲ್ಲ ಎಂದು ಕಂಡೊಡನೆ ಅದನ್ನು ಬಿಟ್ಟು, ಹಗ್ಗಕ್ಕೆ ಒರಗಿ, ಏಟುಗಳನ್ನು ತೋಳು ಮೊಣಕೈಗಳ ಮೇಲೆ ತೆಗೆದುಕೊಳ್ಳುತ್ತಾ ಎದುರಾಳಿಯನ್ನು ದಣಿಸಿದ. ಹಗ್ಗ ಬಿಟ್ಟು ಬಾ ಎಂದು ಮೂಲೆಯಿಂದ ಅವನ ಕೋಚ್ ಆ್ಯಂಜೆಲೊ ಡಂಡಿ ಕೂಗುತ್ತಲೇ ಇದ್ದರು. ಮೂಲೆಯ ಮಾತು ಕೇಳಬೇಕೆಂದು ಈಗಷ್ಟೇ ಬರೆದ ನನಗೆ ಇದು ತುಸು ಮುಜುಗರದ ಉದಾಹರಣೆಯೇ. ಆದರೆ ಅಷ್ಟು ವರ್ಷ ಕೇಳಿ ಕಲಿತವನಿಗೆ ಮಾತ್ರ ಒಂದು ದಿನ ಕೇಳದಿರುವ ಹಕ್ಕು ಬರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಕಿನ್ಶಾಸಾದ ಕಥೆಗೇ ನಿಲ್ಲಿಸಿದ್ದು ನನಗೆ ಸರಿಕಾಣಲಿಲ್ಲ. ಮರುವರ್ಷ, 1975ರ ಅಕ್ಟೋಬರ್ 1ರಂದು, ಮನಿಲಾದಲ್ಲಿ ಅಲಿ ಮತ್ತು ಫ್ರೇಜಿಯರ್ ಹದಿನಾಲ್ಕು ಸುತ್ತು ಬಡಿದಾಡಿದರು. ಫ್ರೇಜಿಯರ್‌ನ ಕಣ್ಣು ಊದಿ ಮುಚ್ಚಿಹೋಗಿ ಬರುವ ಏಟು ಕಾಣದಂತಾಗಿತ್ತು. ಉಳಿದದ್ದು ಒಂದೇ ಸುತ್ತು. ಆಡುತ್ತೇನೆಂದು ಅವನು ಹಟ ಹಿಡಿದ. ಅವನ ಕೋಚ್ ಎಡ್ಡಿ ಫಚ್ ಒಪ್ಪದೆ ಅಲ್ಲಿಗೇ ಆಟ ನಿಲ್ಲಿಸಿದರು. ಐದು ವರ್ಷಗಳ ನಂತರ, 1980ರ ಅಕ್ಟೋಬರ್‌ನಲ್ಲಿ, ನಿವೃತ್ತಿ ಮುರಿದು ಬಂದ 38ರ ಅಲಿ ಲ್ಯಾರಿ ಹೋಮ್ಸ್ ಎದುರು ನಿಂತು ಏಟು ತಿನ್ನುತ್ತಲೇ ಹೋದಾಗ, ಹತ್ತನೇ ಸುತ್ತಿನ ಬಳಿಕ ಸಾಕೆಂದು ನಿಲ್ಲಿಸಿದವರು ಅದೇ ಡಂಡಿ. ಆಮೇಲೂ ಅಲಿ ಇನ್ನೊಂದು ಪಂದ್ಯ ಆಡಿ ಸೋತ. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಪತ್ತೆಯಾಯಿತು. ಎಂದೆಂದಿಗೂ ಕೈಬಿಡಬೇಡಿ ಎಂದು ಮಕ್ಕಳಿಗೆ ಅಲಿಯ ಹೆಸರಿನಲ್ಲಿ ಹೇಳುವವರು 1974ಕ್ಕೇ ಕಥೆ ಮುಗಿಸಿದರೆ ಅದು ಅರ್ಧ ಸತ್ಯ.

ಬಾಕ್ಸಿಂಗ್‌ನ ನಿಯಮಾವಳಿಯೇ ನಿಲ್ಲಿಸುವುದನ್ನು ಆಟದ ಭಾಗವನ್ನಾಗಿ ಮಾಡಿದೆ. ಏಟಿಗೆ ತತ್ತರಿಸಿದವನು ಕಾಲ ಮೇಲೆ ನಿಂತಿದ್ದರೂ ರೆಫರಿ ಎಂಟರವರೆಗೆ ಎಣಿಸಿ, ಕಣ್ಣು ನೋಡಿ, ಆಮೇಲಷ್ಟೇ ಮುಂದುವರಿಸುತ್ತಾನೆ. ಇಲ್ಲವೆನ್ನಿಸಿದರೆ ಪಂದ್ಯವನ್ನೇ ನಿಲ್ಲಿಸುತ್ತಾನೆ. ಕೋಚ್ ಟವೆಲ್ ಎಸೆದು ಸೋಲು ಒಪ್ಪಿಕೊಳ್ಳಬಹುದು. ತಲೆಗೆ ಬಿದ್ದ ಏಟಿನಿಂದ ನಾಕೌಟ್ ಆದವರಿಗೆ ಕನಿಷ್ಠ 30 ದಿನ ಸ್ಪರ್ಧೆಯೂ ಇಲ್ಲ, ಸ್ಪಾರಿಂಗೂ (ಜೊತೆಯವರೊಂದಿಗಿನ ಅಭ್ಯಾಸದ ಕಾದಾಟ) ಇಲ್ಲ. ನಿಲ್ಲಿಸುವ ಅಧಿಕಾರವನ್ನು ಆಟಗಾರನ ಕೈಗಷ್ಟೇ ಬಿಡದಿರುವುದನ್ನು ಗಮನಿಸಬೇಕು. ಛಲದಲ್ಲಿರುವವನಿಗೆ ತನ್ನ ಸ್ಥಿತಿ ತನಗೆ ಕಾಣುವುದಿಲ್ಲ. ನಮ್ಮೂರಿನ ರಿಪೀಟರ್ಸ್ ಬ್ಯಾಚುಗಳಲ್ಲಿ ಎರಡನೇ ಸಲ, ಮೂರನೇ ಸಲ ಕೂತ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು ನಿಜಕ್ಕೂ ಇನ್ನೊಂದು ಸುತ್ತು ಆಡಬಲ್ಲವರು, ಆಡಲಿ. ಊಟ ಸೇರದ, ನಿದ್ದೆ ಬಾರದ, ಹಾಸ್ಟೆಲ್ ಕೋಣೆಯಲ್ಲಿ ಯಾರೊಂದಿಗೂ ಮಾತಾಡದೆ ಕುಳಿತ ಮಗುವಿನ ಕಣ್ಣು ನೋಡಿ ಎಂಟು ಎಣಿಸುವವರು ಯಾರು? ವಾರ್ಡನ್ನೋ, ಉಪನ್ಯಾಸಕರೋ, ಅಪ್ಪನೋ ಟವೆಲ್ ಎಸೆಯಲೇಬೇಕಾದ ದಿನ ಎಸೆಯದೆ, ಕೈಬಿಡಬೇಡ ಎಂಬ ಸೂತ್ರವನ್ನೇ ಮತ್ತೆ ಮತ್ತೆ ಒತ್ತಿದರೆ ಆಗುವ ಅನಾಹುತಗಳ ಸುದ್ದಿ ತಮ್ಮ ಪತ್ರಿಕೆಯಲ್ಲೇ ಅಚ್ಚಾಗುತ್ತಿರುತ್ತದೆ.

ಹಾಗಾದರೆ ಛಲಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳುವವರಿಗೆ ನಿಖತ್ ಜರೀನ್ ಇದ್ದಾರೆ. ತೆಲಂಗಾಣದ ನಿಜಾಮಾಬಾದಿನ ಈ ಹುಡುಗಿ 2019ರಲ್ಲಿ, ಒಲಿಂಪಿಕ್ ಅರ್ಹತಾ ಸ್ಪರ್ಧೆಗೆ ಮೇರಿ ಕೋಮ್ ಅವರನ್ನು ನೇರವಾಗಿ ಕಳಿಸುವ ಬದಲು ಆಯ್ಕೆ ಪಂದ್ಯ ನಡೆಸಿ ಎಂದು ಬಹಿರಂಗವಾಗಿಯೇ ಕೇಳಿದರು. ಪಂದ್ಯ ನಡೆಯಿತು, ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಅವರು ತೀರ್ಪುಗಾರರ 9-1ರ ತೀರ್ಪಿನಿಂದ ಸೋತರು. ದೇಶವೇ ನೋಡುತ್ತಿದ್ದಾಗ, ತಾನೇ ಕೇಳಿ ಪಡೆದ ಪಂದ್ಯದಲ್ಲಿ ಹಾಗೆ ಸೋಲುವುದು ಸಣ್ಣ ಮಾತಲ್ಲ. 2022ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ 52 ಕೆ.ಜಿ. ವಿಭಾಗದಲ್ಲಿ ಅವರು ವಿಶ್ವ ಚಾಂಪಿಯನ್ ಆದರು, ಮರುವರ್ಷ ದೆಹಲಿಯಲ್ಲಿ 50 ಕೆ.ಜಿ.ಯಲ್ಲಿ ಮತ್ತೊಮ್ಮೆ. ಭಾಷಣಕಾರರಾಗಿದ್ದರೆ ಇಲ್ಲಿಗೇ ಚಪ್ಪಾಳೆ ಗಿಟ್ಟಿಸುತ್ತಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರೇ ಚೀನಾದ ವೂ ಯು ಎದುರು ಐವರು ತೀರ್ಪುಗಾರರ 5-0 ತೀರ್ಪಿನಿಂದ ಸೋತು ಪದಕವಿಲ್ಲದೆ ಮರಳಿದರು. ತಯಾರಿಯಲ್ಲಿ, ಛಲದಲ್ಲಿ ಕೊರತೆ ಇತ್ತೆಂದು ನಾನು ನಂಬುವುದಿಲ್ಲ. ಅವತ್ತು ಎದುರಿಗಿದ್ದವಳು ಇನ್ನೂ ಚೆನ್ನಾಗಿ ಆಡಿದಳು. ಸೂತ್ರಗಳನ್ನೆಲ್ಲ ಪಾಲಿಸಿದವರಿಗೂ ಹೀಗಾಗುತ್ತದೆ ಎಂದು ಒಂದೇ ಒಂದು ವಾಕ್ಯವನ್ನಾದರೂ ಮಕ್ಕಳಿಗೆ ಹೇಳಿದ್ದರೆ ಶಿಬಿರದ ಶುಲ್ಕ ಸಾರ್ಥಕವಾಗುತ್ತಿತ್ತು.

ದಾವಣಗೆರೆಗೆ ಇದಾವುದೂ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಇಳಿಯುವ ಪೈಲ್ವಾನರನ್ನು ಕಂಡವರು ನಾವು. ಗರಡಿಯಲ್ಲಿ ನಸುಕಿಗೆ ಎದ್ದು ಮಣ್ಣು ಹದಮಾಡಿ, ದಂಡ ಬಸ್ಕಿ ಹೊಡೆದು, ಉಸ್ತಾದರ ಕಣ್ಣೆದುರು ಅದೇ ಪಟ್ಟನ್ನು ಮತ್ತೆ ಮತ್ತೆ ಹಾಕುವ ಹುಡುಗನಿಗೆ ಯಶಸ್ಸಿನ ಸೂತ್ರವನ್ನು ಯಾರೂ ಬೋಧಿಸುವುದಿಲ್ಲ. ಉಸ್ತಾದರು ಜೋಡಿ ಕಟ್ಟುವಾಗ ತೂಕ, ವಯಸ್ಸು, ಅನುಭವ ನೋಡುತ್ತಾರೆ, ಇನ್ನೂ ಹೊತ್ತಿದೆ ಎನ್ನಿಸಿದ ಹುಡುಗನನ್ನು ಆ ವರ್ಷ ಕಣಕ್ಕೇ ಬಿಡುವುದಿಲ್ಲ. ಹತ್ತಿರದ ಚಿತ್ರದುರ್ಗದ ಓಬವ್ವನ ಹೆಸರಿನಲ್ಲಿ ಹಾಸ್ಟೆಲ್ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸುವ ಸರ್ಕಾರಿ ಯೋಜನೆಯೂ ಇದೆ. ಮೈಯನ್ನು ದುಡಿಸಿ ಮನಸ್ಸನ್ನು ಹದಗೊಳಿಸುವ ಇಷ್ಟೆಲ್ಲ ದಾರಿಗಳು ಊರಿನಲ್ಲೇ ಇರುವಾಗ, ನಮ್ಮ ಹಲವು ಪಿಯು ಕಾಲೇಜುಗಳ ವೇಳಾಪಟ್ಟಿಯಲ್ಲಿ ಆಟದ ಅವಧಿಯೇ ಮಾಯವಾಗಿ, ಅದರ ಬದಲು ವರ್ಷಕ್ಕೊಂದು ಪ್ರೇರಣಾ ಭಾಷಣ ಬಂದು ಕೂತಿರುವುದು ವಿಚಿತ್ರ.

ಆದ್ದರಿಂದ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ಇಷ್ಟು: ಶಿಬಿರ ಬೇಕಾದರೆ ನಡೆಸಿ, ಆದರೆ ದಿನಕ್ಕೆ ಅರ್ಧ ಗಂಟೆಯಾದರೂ ಮೈದಾನಕ್ಕೆ ಬಿಡಿ. ಕುಸ್ತಿಯೋ, ಕಬಡ್ಡಿಯೋ, ಬಾಕ್ಸಿಂಗೋ, ಬರೀ ಸ್ಕಿಪ್ಪಿಂಗೋ ಯಾವುದಾದರೂ ಆದೀತು. ಬಾಕ್ಸಿಂಗ್ ಕಲಿಸುವುದಾದರೆ ಮೊದಲ ವರ್ಷ ಹೆಜ್ಜೆ, ಮುಖ ಕಾಯುವ ಗಾರ್ಡ್, ಶ್ಯಾಡೋ, ಬ್ಯಾಗು, ಕೋಚ್ ಹಿಡಿದ ಪ್ಯಾಡ್ ಇಷ್ಟೇ ಸಾಕು. ಅದಕ್ಕೆ ಬೇಕಾದದ್ದು ಹಗ್ಗ, ಕೈಗೆ ಸುತ್ತುವ ಬಟ್ಟೆಪಟ್ಟಿ, ಹಂಚಿಕೊಳ್ಳಲು ಒಂದೆರಡು ಜೊತೆ ಗ್ಲೌಸು. ತಲೆಗೆ ಏಟು ಬೀಳುವ ಸ್ಪಾರಿಂಗ್‌ಗೆ ಅವಸರ ಬೇಡ. ಬಾಕ್ಸರ್‌ಗಳ ಮಿದುಳಿಗೆ ಆಗುವ ಹಾನಿಯನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ತಲೆಗೆ ಹೆಡ್‌ಗಾರ್ಡ್ ಹಾಕಿದರೆ ಆಯಿತು ಎಂದು ಪೋಷಕರು ನಂಬುತ್ತಾರೆ. ಅದು ಚರ್ಮ ಸೀಳುವುದನ್ನು ತಡೆಯುತ್ತದೆಯೇ ಹೊರತು ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ.

ಕ್ರೀಡಾ ಇಲಾಖೆಯವರಲ್ಲಿಯೂ ಒಂದು ಮನವಿಯಿದೆ. ಬಾಕ್ಸಿಂಗ್ ಇರಲಿ, ಕಿಕ್ ಬಾಕ್ಸಿಂಗ್ ಇರಲಿ, ಏಟು ಬೀಳುವ ಯಾವುದೇ ಸ್ಪರ್ಧೆಗೆ ಅನುಮತಿ ಕೊಡುವಾಗ ರಿಂಗಿನ ಪಕ್ಕದಲ್ಲಿ ವೈದ್ಯರು, ಹೊರಗೆ ಚಾಲಕನ ಸಮೇತ ಆಂಬುಲೆನ್ಸ್, ಆಟಗಾರರ ವೈದ್ಯಕೀಯ ತಪಾಸಣೆಯ ದಾಖಲೆ ಈ ಮೂರನ್ನೂ ಖಾತ್ರಿ ಮಾಡಿಕೊಳ್ಳಿ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಏಟು ತಿಂದು ಬಿದ್ದ ಯುವಕನೊಬ್ಬ ಬದುಕಿ ಉಳಿಯಲಿಲ್ಲ. ನಮ್ಮ ಜಿಲ್ಲೆಯಲ್ಲಿಯೂ ಹುಡುಗರು ಗ್ಲೌಸು ತೊಡಲು ಉತ್ಸುಕರಾಗಿದ್ದಾರೆ. ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ಸ್ಪರ್ಧೆಯ ದಿನ ಒಬ್ಬ ವೈದ್ಯರನ್ನು ಕೂರಿಸುವುದು ಕಷ್ಟವಾಗಬಾರದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ದಾವಣಗೆರೆ